ಬಾಗಿಲ ಕಡೆಯ ಮೂರು ಅಡಿ

ಮಾರ್ಚ್ 3, ಸೋಮವಾರ

ಐದು ತಿಂಗಳ ದುರಸ್ತಿಯ ಮೇಲೆ ಈಜುಕೊಳ ಇವತ್ತು ತೆರೆಯಿತು. ರಿಬ್ಬನ್ನು, ಭಾಷಣ, ಫೋಟೊ ಎಲ್ಲ ಮುಗಿದು ಜನ ನೀರಿಗಿಳಿಯುವ ಹೊತ್ತಿಗೆ ಹನ್ನೊಂದು ಗಂಟೆ. ಇದೇ ಕೊಳದ ಅಂಚಿನಲ್ಲಿ ಎತ್ತರದ ಕುರ್ಚಿಯ ಮೇಲೆ ಇಪ್ಪತ್ತೆರಡು ವರ್ಷ ಜೀವರಕ್ಷಕಿಯಾಗಿ ಕೂತವಳು ನಾನು. ಭಾಷಣದಲ್ಲಿ ಬಣ್ಣ ಬಳಿದವರಿಗೂ ಧನ್ಯವಾದ ಹೇಳಿದರು, ನನಗೆ ಹೇಳಲಿಲ್ಲ. ಇರಲಿ.

ಬಾಗಿಲು ಈಗ ರಸ್ತೆಯ ಕಡೆಗೆ ಬಂದಿದೆ. ಹಳೆಯದು ಆ ತುದಿಯಲ್ಲಿ, ಹಿಂದಿನ ದೊಡ್ಡ ಮರದ ಕಡೆ ಇತ್ತು. ಅದನ್ನು ಇಟ್ಟಿಗೆ ಕಟ್ಟಿ ಮುಚ್ಚಿದ್ದಾರೆ. ಬಟ್ಟೆ ಬದಲಿಸುವ ಕೋಣೆಗಳೂ ರಸ್ತೆ ಕಡೆಗೇ. ಅಂಚಿಗೆಲ್ಲ ಹೊಸ ಬಿಳಿ ಟೈಲ್ಸ್, ಅದರ ಮೇಲೆ ಆಳ ತೋರಿಸುವ ನೀಲಿ ಅಂಕಿಗಳು. ನೋಡಲು ಚೆನ್ನಾಗಿಯೇ ಇದೆ ಎನ್ನಬೇಕು.

ಮೊದಲ ದಿನವೇ ಗಂಟಲು ಕಟ್ಟಿತು. ಓಡಬೇಡಿ ಎಂದರೆ ಓಡುತ್ತಾರೆ, ದೂಡಬೇಡಿ ಎಂದರೆ ದೂಡುತ್ತಾರೆ. ಗೋಡೆಯ ಮೇಲೆ ಆಳೆತ್ತರದ ಫಲಕ ಇದೆ, ಹನ್ನೆರಡು ನಿಯಮ, ಒಬ್ಬರೂ ಓದುವುದಿಲ್ಲ. ನನಗೆ 'ಪೀಪಿ ಮೇಡಂ' ಎಂದು ಹೆಸರಿಟ್ಟಿದ್ದಾರೆ. ಪೀಪಿ ಊದಿದರೆ ನನ್ನ ಕಡೆ ತಿರುಗಿ ಕೈ ಬೀಸುತ್ತಾರೆ! ಬೋರ್ಗಲ್ಲ ಮೇಲೆ ಮಳೆ ಸುರಿದ ಹಾಗೆ. ಓದದವರ ಗತಿಗೆ ಓದದವರೇ ಹೊಣೆ ಎಂದು ನಾನು ಎಂದೋ ತೀರ್ಮಾನಿಸಿಯಾಗಿದೆ.

ಮಾರ್ಚ್ 4, ಮಂಗಳವಾರ

ಹೆಂಗಸರ ಪಾಳಿಯಲ್ಲಿ ಬ್ಯಾಂಕಿನ ಹೆಂಗಸೊಬ್ಬಳು ಮರದ ಕಡೆ ನೀರಿನಲ್ಲಿ ನಿಂತು ಕೂದಲು ಬಿಗಿದು ಕಟ್ಟಿಕೊಳ್ಳುತ್ತಿದ್ದಳು. ನೀರು ಅವಳ ಸೊಂಟಕ್ಕಿತ್ತು. ಅವಳ ತಲೆಯ ಹಿಂದೆ, ಅಂಚಿನ ಮೇಲೆ, ಇಷ್ಟು ದೊಡ್ಡದಾಗಿ '9 ಅಡಿ' ಎಂದು ಬರೆದಿತ್ತು.

ಕುರ್ಚಿಯಿಂದಿಳಿದು ಬಾಗಿಲ ಕಡೆ ಓಡಿದೆ. ಓಡಬಾರದು, ಆದರೂ ಓಡಿದೆ. ಅಲ್ಲಿ '3 ಅಡಿ' ಎಂದಿದೆ. ಅಲ್ಲಿರುವುದು ಒಂಬತ್ತು. ಮೂರು, ನಾಲ್ಕು, ಐದು, ಏಳು, ಒಂಬತ್ತು, ಇಡೀ ಸಾಲು ತಿರುಗುಮುರುಗು. ನಟ್ಟನಡುವಿನ ಐದು ಮಾತ್ರ ಸರಿಯಾದ ಜಾಗದಲ್ಲಿದೆ, ಅದೂ ತನ್ನ ಪುಣ್ಯದಿಂದ.

ಗಾರೆ ಮೇಸ್ತ್ರಿಗೆ ಫೋನ್ ಮಾಡಿಸಿದೆ. "ಎಲ್ಲಾ ಕೊಳದಲ್ಲೂ ಬಾಗಿಲ ಕಡೇನೇ ಮೇಡಂ ಕಮ್ಮಿ ಆಳ ಇರೋದು. ನಾನು ಹದಿನಾಲ್ಕು ಕೊಳ ಮಾಡಿದೀನಿ," ಎಂದ. ಸೋರಿಕೆ ನೋಡಲು ನೀರು ತುಂಬಿಸಿದ ಮೇಲೆ, ಎಲ್ಲಕ್ಕಿಂತ ಕೊನೆಗೆ ಅಂಕಿ ಅಂಟಿಸಿದ್ದಂತೆ. ನೆಲ ಕಾಣಲಿಲ್ಲ, ಬಾಗಿಲು ಕಂಡಿತು. ಬಾಗಿಲು ಊರು ಬದಲಿಸಿದ್ದನ್ನು ಅವನಿಗೆ ಯಾರೂ ಹೇಳಿಲ್ಲ.

ನಿನ್ನೆ ಇಡೀ ದಿನ ನನಗೂ ಕಾಣಲಿಲ್ಲವಲ್ಲ ಎಂದು ಆಮೇಲೆ ಹೊಳೆಯಿತು. ನನಗೆ ಕೊಳ ಗೊತ್ತು, ನಾನು ಯಾಕೆ ಓದಲಿ.

ಮಾರ್ಚ್ 5, ಬುಧವಾರ

ವ್ಯವಸ್ಥಾಪಕರ ಬಳಿ ಹೋದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವ ಮನುಷ್ಯ.

"ತಪ್ಪು ಅಂತ ನಾನೂ ಹೇಳಲ್ಲ, ಸರಿ ಅಂತಾನೂ ಹೇಳಲ್ಲ. ಇದು ಮುಖ್ಯ ಕಚೇರಿ ವಿಷಯ. ಬರೆದು ಕೊಡಿ, ಕಳಿಸ್ತೀನಿ."

"ಸಾರ್, ಯಾರಾದ್ರೂ ಮುಳುಗಿದ್ರೆ?"

"ನೀವಿದೀರಲ್ಲ ಮೇಡಂ."

ಹೊಗಳಿಕೆಯೋ ಹೊಣೆಯನ್ನು ನನ್ನ ತಲೆಗೆ ಕಟ್ಟುವುದೋ ತಿಳಿಯಲಿಲ್ಲ. ಬರೆದು ಕೊಟ್ಟೆ.

ಮಾರ್ಚ್ 6, ಗುರುವಾರ

ಗುರುವಾರ ಕೊಳಕ್ಕೆ ರಜೆ. ನನಗೆ ರಜೆ ಎಲ್ಲಿದೆ, ಮನೆಯಲ್ಲಿ ಅಕ್ಕ ಇದ್ದಾಳೆ.

ಅಕ್ಕನಿಗೆ ಮಂಡಿ ನೋವು. ಸೊಂಟದ ಮಟ್ಟದ ನೀರಿನಲ್ಲಿ ದಿನಾ ಅರ್ಧ ಗಂಟೆ ನಡೆಯಬೇಕು ಎಂದು ವೈದ್ಯರು ಹೇಳಿ ಒಂದು ವರ್ಷವಾಯಿತು. ಈಜಬೇಕಾಗಿಲ್ಲ, ಬರೀ ನಡೆಯಬೇಕು. ತಂಗಿಗೆ ಕೊಳದಲ್ಲೇ ಕೆಲಸ, ಎಂಟು ನಿಮಿಷದ ದಾರಿ. ಇವಳು ಇನ್ನೂ ಪ್ರಶ್ನೆ ಕೇಳುವುದರಲ್ಲೇ ಇದ್ದಾಳೆ.

ಅವಳು ಮೂವತ್ತೊಂದು ವರ್ಷ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತವಳು. ಬಾಟಲಿಯ ಮೇಲೆ ಬರೆದದ್ದನ್ನು ಎರಡು ಸಲ ಓದದೆ ಯಾರ ಕೈಗೂ ಏನೂ ಕೊಟ್ಟವಳಲ್ಲ. ಈಗ ನಿವೃತ್ತಿಯಾದ ಮೇಲೆ ಸೋಪಿನ ಕಾಗದ, ಬಸ್ಸಿನ ಟಿಕೆಟ್ಟಿನ ಹಿಂಭಾಗ, ಕುಕ್ಕರಿನ ಪುಸ್ತಕ ಎಲ್ಲವನ್ನೂ ಗಟ್ಟಿಯಾಗಿ ಓದುತ್ತಾಳೆ. "ಅಚ್ಚಾಗಿರೋದು ಸುಳ್ಳಾದ್ರೆ ಜನ ಸಾಯ್ತಾರೆ ಪುಟ್ಟಿ," ಎನ್ನುವುದು ಅವಳ ಮಂತ್ರ. ನನಗೆ ನಲವತ್ತಾರು, ಇನ್ನೂ ಪುಟ್ಟಿ.

ಇವತ್ತು ಹೊಲಿಗೆಯ ಟೇಪು ಹಿಡಿದು ಮೂರು ಅಡಿ ಎಂದರೆ ತನ್ನ ಮೈಯಲ್ಲಿ ಎಲ್ಲಿಗೆ ಬರುತ್ತದೆ ಎಂದು ಅಳೆದುಕೊಂಡಳು. ಹೊಕ್ಕುಳಿಗಿಂತ ಸ್ವಲ್ಪ ಕೆಳಗೆ. ಈಜುಡುಗೆಯ ಮೇಲೆ ಅಲ್ಲಿಗೆ ಸರಿಯಾಗಿ ಕೆಂಪು ದಾರದಲ್ಲಿ ಒಂದು ಹೊಲಿಗೆ ಹಾಕಿದಳು. "ಇದಕ್ಕಿಂತ ಮೇಲೆ ನೀರು ಬಂದ್ರೆ ನಾನು ವಾಪಸ್," ಎಂದಳು. ನಕ್ಕು ಸಾಕಾಯಿತು, ಆಮೇಲೆ ಸಿಟ್ಟೂ ಬಂತು.

ಮಾರ್ಚ್ 8, ಶನಿವಾರ

ಕಚೇರಿಯಿಂದ ಉಸಿರಿಲ್ಲ. ನಾನೇ 'ಅಂಕಿಗಳು ತಪ್ಪಿವೆ, ನಂಬಬೇಡಿ' ಎಂದು ಕಾಗದ ಬರೆದು ಅಂಟಿಸಿದೆ. ಮಧ್ಯಾಹ್ನಕ್ಕೆ ಒದ್ದೆಯಾಗಿ ಮುದ್ದೆ. ಮತ್ತೆ ಪ್ಲಾಸ್ಟಿಕ್ ಹಾಕಿ ಅಂಟಿಸಿದೆ, ಹೊಸ ಟೈಲ್ಸಿಗೆ ಅಂಟು ಹಿಡಿಯುತ್ತದೆ ಎಂದು ವ್ಯವಸ್ಥಾಪಕರು ಕೀಳಿಸಿದರು. ಕೊನೆಗೆ ನನ್ನ ಕುರ್ಚಿಯನ್ನೇ ಬಾಗಿಲ ಕಡೆಗೆ ಎಳೆಸಿಕೊಂಡೆ. ಏಣಿಯ ಹಿಡಿಕೆಗೆ ಕೆಂಪು ಬಟ್ಟೆ ಕಟ್ಟಿ, ಒಳಗೆ ಬಂದ ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳಿದೆ.

"ಇಪ್ಪತ್ತು ವರ್ಷ ಓದಿ ಓದಿ ಅಂತ ಪ್ರಾಣ ತಿಂದ್ರಿ, ಈಗ ಓದಬೇಡಿ ಅಂತೀರಲ್ಲ ಮೇಡಂ!" ಎಂದು ಬ್ಯಾಂಕಿನ ಹೆಂಗಸು ನಕ್ಕಳು. ಎಲ್ಲರೂ ನಕ್ಕರು.

ನಗಲಿ. ಹಳಬರಿಗೆ ಅಪಾಯವಿಲ್ಲ, ಅವರು ಯಾವತ್ತೂ ಓದಿದವರಲ್ಲ. ಯಾರಾದರೂ ಹೊಸಬರು, ಶಿಸ್ತಿನವರು, ಓದಿ ಇಳಿಯುವವರು ಬಂದರೆ ಏನು ಗತಿ ಎಂಬುದೇ ನನ್ನ ಚಿಂತೆ. ಇಷ್ಟು ವರ್ಷ ಅಂಥವರು ಬರಲಿ ಎಂದು ಹಂಬಲಿಸಿದವಳು ಈಗ ಬಾರದಿರಲಿ ಎನ್ನುತ್ತಿದ್ದೇನೆ.

ಮಾರ್ಚ್ 11, ಮಂಗಳವಾರ

ಪತ್ರ ತಲುಪಿಲ್ಲವಂತೆ. ಇನ್ನೊಂದು ಬರೆದೆ.

ಮಾರ್ಚ್ 13, ಗುರುವಾರ

ಅಕ್ಕನಿಗೆ ನೀರಿನ ಭಯ ಬಿಡಲಿ ಎಂದು ಊರಾಚೆಯ ನದಿಯ ದಡಕ್ಕೆ ಕರೆದುಕೊಂಡು ಹೋದೆ. ಅಲ್ಲಿ ನೋಡಿದರೆ ನಮ್ಮ ಕೊಳದ ಹೆಂಗಸರೇ ಮೂವರು, ರಜೆಯ ದಿನ ನದಿಗೆ ಬಂದು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಾರೆ. ಇನ್ನೊಂದೆರಡು ಹೆಜ್ಜೆ ಮುಂದೆ ಹೋದರೆ ಮಡು.

ಕೊರಳಲ್ಲಿ ಪೀಪಿ ಇತ್ತು. ಊದಿದೆ, ಕೂಗಿದೆ. ನದಿಯ ನೀರು ಕೊಳದ ನೀರಲ್ಲ, ನೆಲ ನಿನ್ನೆ ಇದ್ದ ಹಾಗೆ ಇವತ್ತು ಇರುವುದಿಲ್ಲ, ಸೆಳವು ಮೇಲೆ ಕಾಣುವುದಿಲ್ಲ, ಕೊಳದಲ್ಲಿ ಈಜಿದವರೇ ಇಲ್ಲಿ ಮುಳುಗಿ ಹೋಗುವುದು ಹೆಚ್ಚು. ಎಲ್ಲ ಹೇಳಿದೆ. "ಇವತ್ತು ರಜೆ ಮೇಡಂ, ನೀವೂ ರಜೆ ತಗೊಳ್ಳಿ," ಎಂದರು.

ಅಷ್ಟರಲ್ಲಿ ಅಕ್ಕ ದಡದಲ್ಲಿ ಬಿದ್ದಿದ್ದ ಉದ್ದನೆಯ ಕೋಲೊಂದನ್ನು ಎತ್ತಿಕೊಂಡು ನೀರಿಗೆ ಕಾಲಿಟ್ಟಿದ್ದಳು. ಒಂದು ಹೆಜ್ಜೆ, ಕೋಲು ಊರುವುದು. ಇನ್ನೊಂದು ಹೆಜ್ಜೆ, ಕೋಲು ಊರುವುದು. ನಮ್ಮಮ್ಮ ಚಿಕ್ಕಂದಿನಲ್ಲಿ ಹೇಳಿಕೊಟ್ಟದ್ದು ಅದು, ಕೋಲು ಊರದೆ ಕಾಲು ಊರಬೇಡಿ ಎಂದು. ನಾನು ಮರೆತೇ ಬಿಟ್ಟಿದ್ದೆ. ಅಕ್ಕ ಆ ಮೂವರ ಪಕ್ಕಕ್ಕೆ ಹೋಗಿ, ಮುಂದಕ್ಕೆ ಕೋಲು ಚಾಚಿ ಇಳಿಬಿಟ್ಟಳು. ಕೋಲು ಇಳಿಯಿತು, ಇಳಿಯಿತು, ಅವಳ ಕೈ ಮೊಣಕೈಯವರೆಗೆ ಮುಳುಗಿದರೂ ನೆಲ ಸಿಗಲಿಲ್ಲ.

"ಇಲ್ಲಿ ನೆಲ ಇಲ್ಲ ನೋಡಿ," ಎಂದಳು, ಮಾತ್ರೆ ಸ್ಟಾಕಿಲ್ಲ ಎನ್ನುವ ಧ್ವನಿಯಲ್ಲಿ.

ಮೂವರೂ ದಡಕ್ಕೆ ಬಂದರು. ನನ್ನ ಪೀಪಿಗೆ ಬಾರದವರು ಇವಳ ಕೋಲಿಗೆ ಬಂದರು. ನನಗೆ ಅವಮಾನವಾಯಿತು, ದಾರಿಯುದ್ದಕ್ಕೂ ಅಕ್ಕನಿಗಿಂತ ಹತ್ತು ಹೆಜ್ಜೆ ಮುಂದೆ ನಡೆದೆ.

ಮಾರ್ಚ್ 17, ಸೋಮವಾರ

ಮುಖ್ಯ ಕಚೇರಿಗೆ ಖುದ್ದು ಹೋಗಿ ಇಂಜಿನಿಯರನ್ನು ಕಂಡೆ. ಮೇಜಿನ ಮೇಲೆ ನಕ್ಷೆ ಹರಡಿದ.

"ನೋಡಮ್ಮ, ನಕ್ಷೇಲಿ ಬಾಗಿಲ ಕಡೆ ಮೂರು ಅಂತಿದೆ. ಟೈಲ್ಸಲ್ಲೂ ಬಾಗಿಲ ಕಡೆ ಮೂರು. ತಪ್ಪೆಲ್ಲಿದೆ?"

"ಸಾರ್, ನಕ್ಷೇಲಿರೋದು ಹಳೇ ಬಾಗಿಲು. ಅದನ್ನ ಮುಚ್ಚಿ ಆಯ್ತು. ಹೊಸದು ಈ ಕಡೆ ಇದೆ."

ನಕ್ಷೆಯನ್ನು ತಿರುಗಿಸಿ ನೋಡಿ ಹೇಳಿದ: "ಹಾಗಾದ್ರೆ ಬಾಗಿಲು ತಪ್ಪಮ್ಮ, ಟೈಲ್ಸ್ ಅಲ್ಲ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಕೇಳಿದ್ದೆ, ಮೂರೇ ಅಡಿ ಎನ್ನುವವನನ್ನು ಇವತ್ತು ಕಂಡೆ. ಆಳವನ್ನು ಅಳೆದ ದಾಖಲೆ ತಂದರೆ ನೋಡೋಣ ಎಂದ. ಹೋದ ಪುಟ್ಟ ಬಂದ ಪುಟ್ಟ.

ಮಾರ್ಚ್ 19, ಬುಧವಾರ

ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ತುದಿಗೆ ಕಬ್ಬಿಣದ ತುಂಡು ಕಟ್ಟಿ ಐದು ಕಡೆ ಆಳ ಅಳೆದೆ. ಪಂಪ್ ಹೌಸಿನಲ್ಲಿ ನೀರಿಗೆ ಕ್ಲೋರಿನ್ ಹಾಕುವ, ಎಲ್ಲರೂ ಕ್ಲೋರಿನ್ ಮಾವ ಎಂದೇ ಕರೆಯುವ ಹಿರಿಯರು ಒಂದು ತುದಿ ಹಿಡಿದರು. ಕ್ಲೋರಿನ್ ಮಾವನಿಗೆ ನೀರಿನ ಜೊತೆ ಇಪ್ಪತ್ತಾರು ವರ್ಷದ ಸಂಬಂಧ, ಇವತ್ತಿಗೂ ಈಜು ಬರುವುದಿಲ್ಲ. ಯಾರಾದರೂ ಮುಳುಗುವುದು ಕಂಡರೆ ನೀವು ಹಾರಬೇಡಿ, ಎಲೆ ತೆಗೆಯುವ ಬಲೆಯ ಕೋಲು ಚಾಚಿ ಎಂದು ವರ್ಷಕ್ಕೆರಡು ಸಲ ಅವರನ್ನು ಗದರಿದ್ದೇನೆ. "ಗೊತ್ತಮ್ಮ, ಗೊತ್ತು. ಕೋಲು ಕೊಡು, ಪ್ರಾಣ ಕೊಡಬೇಡ," ಎನ್ನುತ್ತಾರೆ.

ಮನೆಗೆ ಬಂದರೆ ಅಕ್ಕನ ಪ್ರಶ್ನೆ: "ಒಂದು ವೇಳೆ ನೆಲ ಸಿಗದೆ ಹೋದ್ರೆ ಏನು ಮಾಡ್ಬೇಕು?"

"ಮೂರು ಅಡೀಲಿ ನೆಲ ಹೇಗೆ ಸಿಗಲ್ಲ?"

"ಒಂದು ವೇಳೆ ಅಂದೆ."

ತಲೆ ಚಿಟ್ಟು ಹಿಡಿದು, ಅವಳನ್ನು ಮಂಚದ ಮೇಲೆ ಅಂಗಾತ ಮಲಗಿಸಿದೆ. ಒದ್ದಾಡಬಾರದು, ಕೂಗಬಾರದು. ಕಿವಿ ಮುಳುಗಲಿ. ಹೊಟ್ಟೆ ಮೇಲಿರಲಿ. ಕೈ ಅಗಲಿಸು. ಎದೆ ತುಂಬ ಉಸಿರು ಹಿಡಿದು ಛಾವಣಿ ನೋಡು. ಯಾರಾದರೂ ಕೋಲು ಕೊಡುವ ತನಕ ಕಾಯಿ. ಅಕ್ಕ ಅದನ್ನೆಲ್ಲ ಔಷಧಿಯ ಚೀಟಿಯ ಮೇಲೆ ಬರೆದುಕೊಂಡಳು. ಕೆಳಗೆ 'ದಿನಕ್ಕೆ ಎರಡು ಬಾರಿ, ಊಟಕ್ಕೆ ಮುಂಚೆ' ಎಂದು ಸೇರಿಸಿದಳು.

ಮಾರ್ಚ್ 22, ಶನಿವಾರ

ಊಟಕ್ಕೆ ಮುಂಚೆ ಅಕ್ಕ ಮಂಚದ ಮೇಲೆ ತೇಲುತ್ತಿದ್ದಾಳೆ. ಒಲೆಯ ಮೇಲೆ ಹಾಲು ಉಕ್ಕಿದರೂ ಏಳುವುದಿಲ್ಲ. ಹತ್ತು ನಿಮಿಷ ಪೂರ್ತಿಯಾಗಬೇಕಂತೆ. ಹಾಲು ನಾನೇ ಒರೆಸಿದೆ.

ಮಾರ್ಚ್ 24, ಸೋಮವಾರ

ಯಾರೋ ಮೇಲಧಿಕಾರಿ ಕೊಳ ನೋಡಲು ಬರುತ್ತಾರಂತೆ. ವ್ಯವಸ್ಥಾಪಕರು ಕೆಂಪು ಬಟ್ಟೆ ಬಿಚ್ಚಿಸಿದರು, ಕುರ್ಚಿಯನ್ನು ಮೊದಲಿನ ಹಾಗೆ ಅಂಚಿನ ನಡುವಿಗೆ ಇಡಿಸಿದರು. ನಾನು ಕೂಗಾಡಿದೆ. ನಾಳೆ ಅರ್ಧ ದಿನ ರಜೆ ಹಾಕಿ, ಗಂಟಿನ ಹಗ್ಗವನ್ನು ಒಯ್ದು ಇಂಜಿನಿಯರನ ಮೇಜಿನ ಮೇಲೆ ಹಾಕದಿದ್ದರೆ ಕೇಳಿ. ನನ್ನ ಬದಲಿಗೆ ಇನ್ನೊಂದು ಕೊಳದ ರಕ್ಷಕಿ ಬರುತ್ತಾಳೆ.

ಇದೇ ಸಿಟ್ಟಿನಲ್ಲಿ ಮನೆಗೆ ಬಂದೆ. ಅಕ್ಕ ಶುರು ಮಾಡಿದಳು. ಏಣಿಗೆ ಎಷ್ಟು ಮೆಟ್ಟಿಲು? ಮೊದಲು ಯಾವ ಕಾಲು? ನೀರು ತಣ್ಣಗಿರುತ್ತಾ? ಎಲ್ಲಿಂದ ಇಳಿಯಬೇಕು?

"ಅಲ್ಲೇ ಬರೆದಿರುತ್ತೆ, ಓದ್ಕೊಂಡು ಇಳಿ! ಬರೋದಾದ್ರೆ ಬಾ, ಇಲ್ದಿದ್ರೆ ಬಿಡು, ನನ್ನ ತಲೆ ತಿನ್ಬೇಡ," ಎಂದೆ.

ಅವಳು ಎದ್ದು ತನ್ನ ಕೋಣೆಗೆ ಹೋದಳು. ಒಳ್ಳೆಯದೇ ಆಯಿತು.

ಮಾರ್ಚ್ 25, ಮಂಗಳವಾರ

ಅಕ್ಕ ಆಸ್ಪತ್ರೆಯಲ್ಲಿದ್ದಾಳೆ. ಉಸಿರಾಡುತ್ತಿದ್ದಾಳೆ. ಬೇರೇನೂ ಬರೆಯಲಾರೆ.

ಮಾರ್ಚ್ 26, ಬುಧವಾರ

ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ನಿನ್ನೆ ಬೆಳಿಗ್ಗೆ ನಾನು ಹೊರಟ ಮೇಲೆ ಅಕ್ಕ ಚೀಲ ತುಂಬಿಕೊಂಡು ಒಬ್ಬಳೇ ಕೊಳಕ್ಕೆ ಹೋಗಿದ್ದಾಳೆ. ಒಂದು ವರ್ಷ ಕರೆದರೂ ಬಾರದವಳು ನಿನ್ನೆಯೇ ಹೋದಳು. ನಾನು ತಲೆ ತಿನ್ನಬೇಡ ಎಂದದ್ದಕ್ಕೆ ಹೋದಳು. ಗೋಡೆಯ ಫಲಕದ ಹನ್ನೆರಡೂ ನಿಯಮಗಳನ್ನು ನಿಂತು ಓದಿದಳಂತೆ, ಕ್ಲೋರಿನ್ ಮಾವ ನೋಡಿದ್ದಾರೆ, ಅಂಕಿಯ ವಿಷಯ ತಂಗಿ ಹೇಳಿರುತ್ತಾಳೆ ಎಂದುಕೊಂಡರಂತೆ. ಸ್ನಾನ ಮಾಡಿ ಬಂದಳು, ಕೂದಲು ಕಟ್ಟಿ ಟೋಪಿ ಹಾಕಿದಳು, '3 ಅಡಿ' ಎಂದು ಬರೆದ ಕಡೆ ಹೋಗಿ, ಏಣಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಕೆಂಪು ದಾರದ ಹೊಲಿಗೆಗೆ ನೀರು ಮುಟ್ಟಿದ ಕೂಡಲೇ, ಇನ್ನೇನು ನೆಲ ಬಂತು ಎಂದು ಕೈ ಬಿಟ್ಟಳು.

ಬದಲಿ ರಕ್ಷಕಿ ಒಳ್ಳೆಯವಳೇ, ಕೆಲಸ ಗೊತ್ತಿದ್ದವಳು. ಅಪಾಯ ಇರುವುದು ಆಳದ ಕಡೆ ಎಂದು ಗೊತ್ತಿದ್ದವಳು. ಆದ್ದರಿಂದಲೇ ಕುರ್ಚಿ ಬಿಟ್ಟು, ಆ ತುದಿಗೆ ಹೋಗಿ, '9 ಅಡಿ' ಎಂದು ಬರೆದ ಕಡೆ ನಿಂತಿದ್ದಳು. ಸೊಂಟದ ಮಟ್ಟದ ನೀರನ್ನು ಕಣ್ಣು ಮಿಟುಕಿಸದೆ ಕಾಯುತ್ತಿದ್ದಳು.

ಅವಳಿಗೆ ಹೇಳಿದವರು ಯಾರು? ನಾನು ಹೇಳಲಿಲ್ಲ. ಕಚೇರಿಗೆ ಎರಡು ಪತ್ರ ಬರೆದೆ, ಮೇಸ್ತ್ರಿಯನ್ನು ಬೈದೆ, ಊರಿಗೆಲ್ಲ ಡಂಗುರ ಹೊಡೆದೆ. ನಿನ್ನೆ ಅವಳ ಕೈಗೆ ಪೀಪಿ ಕೊಟ್ಟಾಗ, ಇಂಜಿನಿಯರನಿಗೆ ಏನೇನು ಹೇಳಬೇಕು ಎಂದು ಮನಸ್ಸಿನಲ್ಲೇ ಜಗಳ ಮಾಡುತ್ತಿದ್ದೆ. ಮನೆಯಲ್ಲೂ ಅಷ್ಟೇ. ಮೂರು ವಾರ ಈ ಪುಸ್ತಕದಲ್ಲಿ ಬರೆದೆ, ಪಕ್ಕದ ಕೋಣೆಯಲ್ಲಿ ಮಲಗಿದ ಅಕ್ಕನಿಗೆ ಒಂದು ಮಾತು ಹೇಳಲಿಲ್ಲ. ದೀಪದ ಬುಡದಲ್ಲಿ ಕತ್ತಲೆ. ಓದ್ಕೊಂಡು ಇಳಿ ಎಂದವಳೂ ನಾನೇ. ಇಪ್ಪತ್ತೆರಡು ವರ್ಷದ ಬಾಯಿಪಾಠ, ಬಾಯಿಗೆ ಬಂದೇ ಬಿಟ್ಟಿತು.

ಮುಳುಗುವವರು ಕೂಗುವುದಿಲ್ಲ, ಇದು ನಮ್ಮ ತರಬೇತಿಯ ಮೊದಲ ಪಾಠ. ಯಾರಿಗೂ ಏನೂ ಕೇಳಿಸಲಿಲ್ಲ. ಕ್ಲೋರಿನ್ ಮಾವ ಬಾಗಿಲ ಹತ್ತಿರ ಎಲೆ ತೆಗೆಯುತ್ತಿದ್ದವರು ತಿರುಗಿ ನೋಡಿದಾಗ ನೀರಿನ ಮೇಲೆ ಬಿಳಿ ಟೋಪಿ ಮಾತ್ರ ಕಂಡಿತಂತೆ, ಅದೂ ಹೋಯಿತಂತೆ. "ಬಲೆ ಕೋಲು ಈ ಕಡೆ ತಿರುಗಿಸಿದೆನಮ್ಮ. ಅಷ್ಟರಲ್ಲಿ ಮೇಲೆ ಬಂದ್ರು. ಬಂದು, ಹಾಗೇ ಮಲಗಿಬಿಟ್ರು. ಹಾಸಿಗೆ ಮೇಲೆ ಮಲಗಿದ ಹಾಗೆ. ಕೈ ಅಗಲ ಮಾಡಿ, ಛಾವಣಿ ನೋಡ್ಕೊಂಡು. ಏನೋ ಕಾಯ್ತಿರೋ ಹಾಗೆ."

ಕೋಲನ್ನು ಕಾಯುತ್ತಿದ್ದಳು. ಚೀಟಿಯಲ್ಲಿ ಹಾಗೆ ಬರೆದಿತ್ತು.

ಮಾವ ಹಾರಲಿಲ್ಲ. ಅಂಚಿನಲ್ಲಿ ಬೋರಲು ಮಲಗಿ, ಬಲೆಯ ಕೋಲು ಚಾಚಿ, ಅವಳ ಕೈಗೆ ತಾಗಿಸಿದರು. ಹಿಡಿದಳು. ಏಣಿಯ ತನಕ ಎಳೆದರು. ಬದಲಿ ರಕ್ಷಕಿ ಓಡಿ ಬಂದು ಮೇಲೆತ್ತಿದಳು.

ಒಳಗೆ ನೀರು ಹೋಗಿದೆ, ಈಗ ಚೆನ್ನಾಗಿ ಕಂಡರೂ ಒಂದು ದಿನ ನಿಗಾ ಇಡಬೇಕು ಎಂದು ವೈದ್ಯರು ಮಲಗಿಸಿಕೊಂಡರು. ನಾನು ಹೋದಾಗ ಅಕ್ಕ ಕಣ್ಣು ತೆರೆದು, ಗೊಗ್ಗರು ದನಿಯಲ್ಲಿ ಹೇಳಿದ ಮೊದಲ ಮಾತು: "ನಾನು ಓದಿಯೇ ಇಳಿದೆ ಪುಟ್ಟಿ."

ತಾನು ತಪ್ಪು ಮಾಡಿಲ್ಲ ಎಂದು ನನಗೆ ಸಮಜಾಯಿಷಿ ಕೊಡುತ್ತಿದ್ದಳು. ನಾನು ಬೈಯುತ್ತೇನೆ ಎಂದು ಹೆದರಿದ್ದಳು. ಮಂಚದ ಕಬ್ಬಿಣ ಹಿಡಿದು ಅತ್ತೆ, ನರ್ಸು ಹೊರಗೆ ಕಳಿಸುವಷ್ಟು ಅತ್ತೆ.

ಮಾರ್ಚ್ 27, ಗುರುವಾರ

ಅಕ್ಕ ಮನೆಗೆ ಬಂದಳು. ಬಿಡುಗಡೆಯ ಕಾಗದವನ್ನು ಓದಿಲ್ಲ, ಮಡಚಿ ನನ್ನ ಕೈಗೆ ಕೊಟ್ಟಳು. ನಾನೇ ಗಟ್ಟಿಯಾಗಿ ಓದಿದೆ.

ಮಾರ್ಚ್ 28, ಶುಕ್ರವಾರ

ಅವಘಡದ ವರದಿ ನಾನೇ ಬರೆಯಬೇಕು, ಪಾಳಿಯ ಹಿರಿಯಳು ನಾನು. ಹಳೆಯ ನಮೂನೆ. ದಿನಾಂಕ, ವೇಳೆ, ವಯಸ್ಸು, ಕೊನೆಯಲ್ಲಿ 'ಕಾರಣ'.

ವ್ಯವಸ್ಥಾಪಕರು ಪಕ್ಕದಲ್ಲೇ ನಿಂತಿದ್ದರು. "ಯಾವಾಗಲೂ ಬರೀತೀರಲ್ಲ, ಅದನ್ನೇ ಬರೀರಿ ಮೇಡಂ. ನಿಮ್ಮ ಮನೆಯವರೇ ಅಲ್ವಾ, ಯಾರೂ ದೊಡ್ಡದು ಮಾಡಲ್ಲ."

ಯಾವಾಗಲೂ ಬರೆಯುವುದು ಒಂದೇ ಸಾಲು: 'ಸೂಚನೆಗಳನ್ನು ಓದದೆ ನೀರಿಗೆ ಇಳಿದದ್ದು.' ವರದಿ ಪುಸ್ತಕವನ್ನು ಹಿಂದಕ್ಕೆ ತಿರುವಿದೆ. ಇಪ್ಪತ್ತೆರಡು ವರ್ಷದಲ್ಲಿ ಹದಿನೇಳು ಅವಘಡ, ಪುಣ್ಯಕ್ಕೆ ಎಲ್ಲರೂ ಬದುಕಿದವರು, ಹದಿನೇಳಕ್ಕೂ ನನ್ನ ಕೈಬರಹದಲ್ಲಿ ಅದೇ ಸಾಲು. ಒಬ್ಬರನ್ನೂ ಕೇಳಿದ ನೆನಪಿಲ್ಲ. ಒಬ್ಬ ಅಜ್ಜಿ ಕನ್ನಡಕವನ್ನು ಕೋಣೆಯಲ್ಲಿ ಬಿಚ್ಚಿಟ್ಟು ಬಂದಿದ್ದಳು, ನಿಯಮದ ಪ್ರಕಾರ ಬಿಚ್ಚಿಡಲೇಬೇಕು. ಇನ್ನೊಬ್ಬಳಿಗೆ ಓದಲು ಬರುತ್ತಿತ್ತೋ ಇಲ್ಲವೋ.

'ಕಾರಣ: ಸೂಚನೆಯನ್ನು ಓದಿ ನೀರಿಗೆ ಇಳಿದದ್ದು' ಎಂದು ಬರೆದು ಸಹಿ ಹಾಕಿದೆ. ಕೆಳಗೆ ಇನ್ನೊಂದು ಸಾಲು: 'ಬದಲಿ ರಕ್ಷಕಿಗೆ ವಿಷಯ ತಿಳಿಸದೆ ಹೋದವಳು ನಾನು.'

"ಇದನ್ನ ಮೇಲೆ ಕಳಿಸೋಕಾಗಲ್ಲ," ಎಂದರು.

"ಹಾಗಾದ್ರೆ ಇಲ್ಲೇ ಇಟ್ಕೊಳ್ಳಿ. ಬದಲಾಯಿಸೋಕಂತೂ ಆಗಲ್ಲ."

ಮಾರ್ಚ್ 29, ಶನಿವಾರ

ಹಗ್ಗ ನೋಡಿ ಇಂಜಿನಿಯರ್ ಕೊನೆಗೂ ಒಪ್ಪಿದ, ಆದರೆ ಹೊಸ ಟೈಲ್ಸಿಗೆ ಟೆಂಡರು ಕರೆಯಬೇಕಂತೆ, ಆರು ವಾರವಂತೆ.

ಬೆಳಿಗ್ಗೆ ಪಾಳಿ ಶುರುವಾಗುವ ಮುಂಚೆ ಕ್ಲೋರಿನ್ ಮಾವನ ಹತ್ತಿರ ಸುತ್ತಿಗೆ, ಉಳಿ ಕೇಳಿದೆ. ಯಾಕೆ ಎಂದು ಅವರು ಕೇಳಲಿಲ್ಲ. ಬಾಗಿಲ ಕಡೆಯ ಮೂರನ್ನು ಮೊದಲು ಒಡೆದೆ. ಆಮೇಲೆ ನಾಲ್ಕು, ಏಳು, ಒಂಬತ್ತು. ಚೂರು ಹಾರಿ ಗಲ್ಲಕ್ಕೆ ಬಡಿಯಿತು. ಐದನ್ನು ಬಿಟ್ಟೆ, ಪಾಪ, ಅದರದೇನು ತಪ್ಪು. ಅಂಕಿಯಿಲ್ಲದ ಕೊಳ ಈಗ ಹಲ್ಲು ಬಿದ್ದ ಬಾಯಿಯ ಹಾಗಿದೆ. ಬಂದವರೆಲ್ಲ ನಿಂತು, "ಇಲ್ಲಿ ಎಷ್ಟು ಆಳ ಮೇಡಂ?" ಎಂದು ಕೇಳುತ್ತಾರೆ. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಹೇಳಿ ಹೇಳಿ ಬಾಯಿ ಒಣಗಿತು.

ಸಂಜೆ ಮೆಮೊ ಕೈಗೆ ಬಂತು. ಸರ್ಕಾರಿ ಸ್ವತ್ತಿಗೆ ಹಾನಿ.

ಏಪ್ರಿಲ್ 9, ಬುಧವಾರ

ಆರು ವಾರದ ಕೆಲಸ ಹನ್ನೊಂದು ದಿನಕ್ಕೆ ಆಯಿತು. ಒಡೆದ ಟೈಲ್ಸ್ ಮೇಲಧಿಕಾರಿಯ ಕಾಲಿಗೆ ತಾಗಿತಂತೆ. ಅದೇ ಮೇಸ್ತ್ರಿ ಬಂದು ಹೊಸ ಅಂಕಿ ಅಂಟಿಸಿದ. ನಾನು ಗಂಟಿನ ಹಗ್ಗ ಹಿಡಿದು ಪ್ರತಿ ಅಂಕಿಗೂ ಪಕ್ಕದಲ್ಲಿ ನಿಂತೆ. "ನನ್ನ ಮೇಲೆ ನಂಬಿಕೆ ಇಲ್ವಾ ಮೇಡಂ?" ಎಂದ. ಇಲ್ಲ ಎಂದೆ. ನಕ್ಕು, ತಾನೂ ಒಮ್ಮೆ ಹಗ್ಗ ಇಳಿಬಿಟ್ಟು ನೋಡಿದ.

ಮೆಮೊಗೆ ಉತ್ತರ ಕೊಡಬೇಕು. ಕೊಟ್ಟರಾಯಿತು.

ಏಪ್ರಿಲ್ 12, ಶನಿವಾರ

ಅಕ್ಕನ ಮಂಡಿ ಊದಿದೆ. ಕೊಳದ ಮಾತು ಅವಳೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಈಜುಡುಗೆ ಹಗ್ಗದ ಮೇಲೆ ಒಣಗಿ ಎರಡು ವಾರವಾಯಿತು. ಯಾರೂ ತೆಗೆಯಲಿಲ್ಲ.

ಸಂಜೆ ಟೀ ಕುಡಿಯುವಾಗ ಏಣಿಗೆ ಎಷ್ಟು ಮೆಟ್ಟಿಲು, ಯಾವ ಕಾಲು ಮೊದಲು, ನೀರು ಎಷ್ಟು ತಣ್ಣಗಿರುತ್ತದೆ ಎಂದು ನಾನಾಗಿಯೇ ಹೇಳಿದೆ. ಅವಳು ಕೇಳಿಸಿಕೊಂಡಳು. ಟೀ ಲೋಟ ಎತ್ತಿಕೊಂಡು ಒಳಗೆ ಹೋದಳು.

ಏಪ್ರಿಲ್ 15, ಮಂಗಳವಾರ

ಹತ್ತು ಗಂಟೆಯ ಪಾಳಿಗೆ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಕೈಯಲ್ಲಿ ನಮ್ಮ ಮನೆಯ ಜೇಡರ ಬಲೆ ಹೊಡೆಯುವ ಉದ್ದನೆಯ ಕೋಲು, ತುದಿಯ ಪೊರಕೆ ಬಿಚ್ಚಿದ್ದಾಳೆ. ಬ್ಯಾಂಕಿನ ಹೆಂಗಸು ನೋಡಿ ನಗಲು ಹೊರಟವಳು ನನ್ನ ಮುಖ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಹೊರಗಿನ ವಸ್ತು ಒಳಗೆ ತರುವಂತಿಲ್ಲ, ಏಳನೇ ನಿಯಮ. ನಾನೇ ಬಾಗಿಲು ತೆರೆದು ಹಿಡಿದೆ.

ಅವಳು ಮರದ ಕಡೆಯ ಏಣಿಯ ತನಕ ನಡೆದು ಬಂದಳು. '3 ಅಡಿ' ಎಂದಿರುವುದನ್ನು ಓದಿದಳು. ಆಮೇಲೆ ಕೋಲು ಇಳಿಬಿಟ್ಟಳು. ಟಕ್ ಎಂದು ನೆಲ ಸಿಕ್ಕಿತು. ಒದ್ದೆಯಾದಷ್ಟು ಕೋಲನ್ನು ಮೈಗೆ ಆನಿಸಿ ಕೆಂಪು ದಾರದ ಹೊಲಿಗೆಗೆ ಹೋಲಿಸಿ ನೋಡಿದಳು. ಅವಳ ಹಿಂದೆ ಏಳೆಂಟು ಹೆಂಗಸರು ಸಾಲಾಗಿ ಕಾಯುತ್ತಿದ್ದರು. ಯಾರೂ ಅವಸರ ಮಾಡಲಿಲ್ಲ.

"ಸರಿ ಇದೆ," ಎಂದು ಇಳಿದಳು.

ನಾನೂ ಸಮವಸ್ತ್ರದಲ್ಲೇ ಇಳಿದೆ. ಅವಳ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ನನ್ನ ಕೈ. ಹತ್ತು ಹೆಜ್ಜೆ ನಡೆದ ಮೇಲೆ ನಿಂತು ಕೇಳಿದಳು.

"ಪುಟ್ಟಿ, ಇಲ್ಲಿಂದ ಮುಂದೆ ಎಷ್ಟು?"

"ನಾಲ್ಕು ಅಡಿ ಅಕ್ಕ. ನಾನೇ ಅಳೆದಿದೀನಿ."

ಅವಳು ತಲೆಯಾಡಿಸಿ, ಕೋಲನ್ನು ಮುಂದಕ್ಕೆ ಊರಿ ನೋಡಿದಳು. ನೋಡಲಿ.